ಕೀ ಕೊಟ್ಟವರು

ಕರಕ್ ಪಟ್ಟಣದ ಆಚೆಗಿನ ಆ ಅರಬ್ ಊರಿನಲ್ಲಿ ಸಾವಿನ ಬೆನ್ನಿಗೇ ರಾಜಿಯೂ ಬರುತ್ತದೆ. ಹಿಯಾಮಳ ಮಗಳು ಶದಾಳ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು, ಅಷ್ಟರಲ್ಲಿ ಮನೆಯ ಮುಂದೆ ಕಾರುಗಳು ಸಾಲುಗಟ್ಟಿದವು. ಕೊಂದ ಹುಡುಗನ ಕಡೆಯ ಹಿರಿಯರು ಕಪ್ಪು ನಿಲುವಂಗಿ ಹೊದ್ದು, ಮುಖ ಸಪ್ಪಗೆ ಮಾಡಿಕೊಂಡು ಚಾವಡಿಗೆ ಬಂದು ಕುಳಿತರು.

ಶದಾ ನರ್ಸಿಂಗ್ ಓದುತ್ತಿದ್ದಳು. ಕಾಲೇಜು ಬಸ್ಸಿಗಾಗಿ ರಸ್ತೆ ಪಕ್ಕ ನಿಂತಿದ್ದವಳ ಮೇಲೆ ಪಿಕಪ್ ಹತ್ತಿಸಿದವನು ರಕಾನ್, ಹದಿನೈದರ ಪೋರ. ಮೀಸೆ ಬಂದವನಿಗೆ ದೇಶ ಕಾಣದು ಅನ್ನುತ್ತಾರೆ. ಇವನಿಗೆ ಮೀಸೆಯೂ ಬಂದಿರಲಿಲ್ಲ. ಟೈರು ಕಿರುಚಿಸಿ, ಗಾಡಿಯನ್ನು ಗರಗರ ತಿರುಗಿಸಿ ಗೆಳೆಯರಿಗೆ ತೋರಿಸುತ್ತಿದ್ದನಂತೆ. ಅವನಪ್ಪ ಹಾಯಿಲ್ 'ನನ್ನ ಮಗ ಗಂಡಸಾದ' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು. ಈಗ ಆ ಪಿಕಪ್ಪನ್ನು ಶೆಡ್ಡಿಗೆ ತಳ್ಳಿ ಬೀಗ ಜಡಿದಿದ್ದ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹಿಯಾಮಳ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಹೀಗಾಗಿ ಮನೆಯ ಪರವಾಗಿ ಮಾತಾಡುವ ಹಕ್ಕು ಭಾವ ಮಿಫ್ಲೆಹ್‌ನದು. ಹೆತ್ತವಳಿಗೆ ಇದ್ದದ್ದು ಪರದೆಯ ಹಿಂದೆ ಕೂತು ಕೇಳುವ ಹಕ್ಕು. ಬಂದವರ ಮುಂದೆ ಕಹಿ ಕಾಫಿಯ ಬಟ್ಟಲುಗಳನ್ನು ಇಟ್ಟಾಯಿತು. ಒಬ್ಬರೂ ಮುಟ್ಟಲಿಲ್ಲ, ಮುಟ್ಟುವಂತೆಯೂ ಇಲ್ಲ. ಮನೆಯವರು 'ಕಾಫಿ ಕುಡಿಯಿರಿ' ಎಂದರೆ ಕ್ಷಮಿಸಿದಂತೆ; ದೂರು ವಾಪಸ್ಸು, ಹುಡುಗ ಮನೆಗೆ. ಮಗಳ ಜೀವಕ್ಕೆ ಎರಡು ಪದ ಸಾಕಲ್ಲ ಎಂದು ಹಿಯಾಮಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೆಳಿಗ್ಗೆಯೇ ಅವಳು ಮಿಫ್ಲೆಹ್‌ನನ್ನು ಬೇಡಿಕೊಂಡಿದ್ದಳು.

"ಭಾವ, ಸುಮ್ನೆ ಬಿಟ್ಬಿಡ್ಬೇಡಿ. ಕೀ ಕೊಟ್ಟಿದ್ದು ನಾನೇ ಅಂತ ಆ ಹಾಯಿಲ್ ಎಲ್ಲರ ಮುಂದೆ ಒಪ್ಕೋಬೇಕು. ಅಷ್ಟಾದ್ರೂ ಕೇಳಿ."

"ಅಷ್ಟು ದೊಡ್ಡ ಮನುಷ್ಯರು ಬಾಗಿಲಿಗೆ ಬರ್ತಿದಾರೆ ಹಿಯಾಮ್. ನಾವು ಸಣ್ಣವರಾಗ್ಬಾರ್ದು," ಎಂದು ಅವನು ಕನ್ನಡಿಯ ಮುಂದೆ ತಲೆವಸ್ತ್ರ ಸರಿಮಾಡಿಕೊಂಡಿದ್ದ.

ಈಗ ಬಂದವರಲ್ಲಿ ಹಿರಿಯರು, ಬಿಳಿಗಡ್ಡದ ದೈಫಲ್ಲಾ, ಎದ್ದು ನಿಂತರು. "ಎಲ್ಲ ಅಲ್ಲಾಹನ ಇಚ್ಛೆ. ಹಣೆಬರಹ ತಪ್ಪಿಸೋಕೆ ಯಾರಿಂದಾಗತ್ತೆ? ಹುಡುಗು ಬುದ್ಧಿ, ಏನೋ ಆಗೋಯ್ತು. ನಿಮ್ಮ ಮನಸ್ಸು ದೊಡ್ಡದು ಅಂತ ನಂಬ್ಕೊಂಡು ಬಂದಿದೀವಿ."

ಈ ಭಾಷಣ ಊರಿಗೆ ಬಾಯಿಪಾಠ. ಪ್ರತಿ ಸಲವೂ ಇದೇ ಮಾತು, ಇದೇ ನಿಟ್ಟುಸಿರು. ಸತ್ತವರ ಹೆಸರೊಂದು ಬೇರೆ.

ಮಿಫ್ಲೆಹ್ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಪರದೆ ಸರಿಯಿತು. ಖಾಲಿ ತಟ್ಟೆಯೊಂದನ್ನು ಹಿಡಿದು ಹಿಯಾಮ್ ಗಂಡಸರ ನಡುವೆ ಬಂದು ನಿಂತಳು.

"ಒಳಗೆ ಹೋಗು!" ಮಿಫ್ಲೆಹ್ ಗದರಿದ.

"ಹೋಗಲ್ಲ. ಹಿರಿಯರೇ, ಒಂದೇ ಮಾತು. ಆ ಪೋರನ ಕೈಗೆ ಕೀ ಕೊಟ್ಟಿದ್ದು ಅಲ್ಲಾಹನಾ, ಅವನಪ್ಪನಾ?"

ದೈಫಲ್ಲಾ ಕಣ್ಣು ತಗ್ಗಿಸಿದರು. ಅವರ ಹಿಂದೆ ಕೂತಿದ್ದ ಹಾಯಿಲ್‌ನ ಮುಖ ಕಪ್ಪಿಟ್ಟಿತು. "ನಾನೇ ಕೊಟ್ಟೆ ತಾಯಿ. ತಪ್ಪಾಯ್ತು," ಎಂದ.

"ನೀನೊಬ್ಬನೇ ಆಗಿದ್ರೆ ಇವತ್ತೇ ಕ್ಷಮಿಸ್ತಿದ್ದೆ." ಹಿಯಾಮ್ ತಟ್ಟೆಯನ್ನು ಮುಂದಕ್ಕೆ ಚಾಚಿದಳು. "ಇಲ್ಲಿ ಕೂತಿರೋರಲ್ಲಿ ಯಾರ್ಯಾರ ಮನೇಲಿ ಲೈಸೆನ್ಸ್ ಇಲ್ಲದ ಹುಡುಗ್ರು ಗಾಡಿ ಓಡಿಸ್ತಾರೋ ಅವರೆಲ್ಲ ಈ ತಟ್ಟೇಲಿ ಕೀ ಹಾಕಿ. ಆಮೇಲೆ ಕಾಫಿ ಕುಡೀರಿ. ನಾನೇ ಕುಡಿಸ್ತೀನಿ."

"ಇದ್ಯಾವ ಪದ್ಧತಿ?" ಮೂಲೆಯಿಂದ ಯಾರೋ ಗೊಣಗಿದರು.

"ಮಕ್ಕಳನ್ನ ಮಣ್ಣು ಮಾಡಿ ಬಂದು ಕಾಫಿ ಕುಡಿಯೋದು ಪದ್ಧತಿ ಆದ್ರೆ, ಇದೂ ಇವತ್ತಿಂದ ಪದ್ಧತಿ!"

ಕೊನೆಗೆ ದೈಫಲ್ಲಾ ಜೇಬಿಗೆ ಕೈ ಹಾಕಿದರು. "ಮೊಮ್ಮಗ ಓಡಿಸ್ತಾನೆ," ಎಂದು ಮೆಲ್ಲಗೆ ಹೇಳಿ ಕೀಯನ್ನು ತಟ್ಟೆಗೆ ಹಾಕಿದರು. ಆಮೇಲೆ ಅವರ ಪಕ್ಕದವನು. ಆಮೇಲೆ ಎದುರಿನವನು. ತಟ್ಟೆ ಭಾರವಾದಂತೆ ಅವಳ ಸಿಟ್ಟು ಇಳಿಯಬೇಕಿತ್ತು, ನೆತ್ತಿಗೇರಿತು. ಇಷ್ಟು ಜನವೇ! ಇವರಲ್ಲಿ ಯಾರ ಮಗ ಬೇಕಾದರೂ ಅವತ್ತು ಆ ರಸ್ತೆಯಲ್ಲಿ ಬರಬಹುದಿತ್ತು.

ಸುತ್ತು ಮುಗಿಸಿ ಅವಳು ಮಿಫ್ಲೆಹ್‌ನ ಮುಂದೆ ನಿಂತಳು. "ಭಾವ, ನಿಮ್ಮದು?"

"ನಂದ್ಯಾಕೆ? ನಾವು ಸತ್ತವರ ಕಡೆಯೋರು!"

"ನಿಮ್ಮ ಮಗ ಔನ್‌ಗಿನ್ನೂ ಹದಿನಾಲ್ಕು. ಕೀ ಎಲ್ಲಿ?"

ಮಿಫ್ಲೆಹ್ ಒಂದು ಜೇಬು ತಡವಿದ, ಇನ್ನೊಂದು ತಡವಿದ. "ಅವನ ಹತ್ರ ಇದೆ," ಎಂದ. "ಬಂದವರಿಗೆ ನೀರು ಸಾಲ್ದೆ ಹೋಯ್ತು, ಪೇಟೆಗೆ ಕಳಿಸಿದೀನಿ. ಇಲ್ಲೇ, ಹತ್ರ."

ಹಿಯಾಮ್ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ದೈಫಲ್ಲಾರ ಮುಂದಿದ್ದ ಬಟ್ಟಲನ್ನು ಎತ್ತಿ ಕಾಫಿಯನ್ನು ಹೂಜಿಗೆ ವಾಪಸ್ ಸುರಿದಳು. "ಎದ್ದು ಹೋಗಿ ಹಿರಿಯರೇ. ನಿಮ್ಮನ್ನ ಕ್ಷಮಿಸೋ ಯೋಗ್ಯತೆ ಈ ಮನೇಗಿಲ್ಲ."

ಹಿರಿಯರು ಕೂತಲ್ಲೇ ಕೂತಿದ್ದರು. ಎದ್ದವನು ಮಿಫ್ಲೆಹ್ ಒಬ್ಬನೇ. ಅವನು ಫೋನು ತೆಗೆದು ಮಗನ ನಂಬರು ಒತ್ತಲು ಹೋದ. ಹಿಯಾಮ್ ಅವನ ಕೈ ಹಿಡಿದಳು.

"ಫೋನ್ ಮಾಡ್ಬೇಡಿ. ಗಾಡಿ ಓಡಿಸ್ತಾ ಓಡಿಸ್ತಾನೇ ಎತ್ತಿಬಿಡ್ತಾನೆ."

ಮಿಫ್ಲೆಹ್ ಫೋನನ್ನು ಅಲ್ಲೇ ಬಿಟ್ಟು, ಅಷ್ಟು ಜನ ದೊಡ್ಡ ಮನುಷ್ಯರ ಎದುರೇ, ಬರಿಗಾಲಲ್ಲಿ ರಸ್ತೆಗೆ ಓಡಿದ.