ಕೀರನ್‌ನ ಮುನ್ನೂರನೆಯ ಆಟ

ಕೀರನ್ ಮುಲ್ವೇನಿಯ ಕಾಲಿಗೆ ಹದಿನೆಂಟು ವರ್ಷದಿಂದ ಪಟ್ಟಿ ಸುತ್ತುತ್ತಿರುವವಳು ನಾನು. ನಮ್ಮ ಬೂರಾಲ್ ಫುಟ್ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಪೆಟ್ಟು, ಉಳುಕು ನೋಡಿಕೊಳ್ಳುವ ಕೆಲಸ ನನ್ನದು. ಅವನ ಆಟವನ್ನು ನನ್ನಷ್ಟು ಹತ್ತಿರದಿಂದ ನೋಡಿದವರಿಲ್ಲ. ಅವನಿಗೆ ನನ್ನಷ್ಟು ದೊಡ್ಡ ದ್ರೋಹ ಮಾಡಿದವರೂ ಇಲ್ಲ.

ನಮ್ಮ ಫುಟ್ಬಾಲ್ ಕೈ, ಕಾಲು ಎರಡರಲ್ಲೂ ಆಡುವ ಆಟ. ಅಂಪೈರ್ ಮೈದಾನದ ನಡುವೆ ಚೆಂಡನ್ನು ನೆಲಕ್ಕೆ ಬಡಿದು ಮೇಲಕ್ಕೆ ಚಿಮ್ಮಿಸುತ್ತಾನಲ್ಲ, ಆಗ ಎಲ್ಲರೂ ಕತ್ತೆತ್ತಿ ಚೆಂಡು ನೋಡುತ್ತಾರೆ. ಕೀರನ್ ನೋಡುವುದಿಲ್ಲ. ಚೆಂಡಿಗೆ ಹಾರುವ ಇಬ್ಬರು ಉದ್ದನೆಯವರ ಸೊಂಟ ನೋಡುತ್ತಾನೆ. ಯಾರ ಕೈ ತಾಗುತ್ತದೆ, ಚೆಂಡು ಎತ್ತ ಬೀಳುತ್ತದೆ ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ. ಉಳಿದವರು ತಿರುಗುವಷ್ಟರಲ್ಲಿ ಚೆಂಡು ಅವನ ಅಂಗೈಗೆ ಬಂದು, ಮುಷ್ಟಿಯ ಒಂದು ಗುದ್ದಿಗೆ ನಮ್ಮವನೊಬ್ಬನನ್ನು ಸೇರಿರುತ್ತದೆ. ಮೂವತ್ತೆಂಟರ ವಯಸ್ಸಿಗೆ ಓಟ ಹೋಗಿತ್ತು, ನಿಜ. ಓಡಿ ತಲುಪಬೇಕಾದ ಜಾಗದಲ್ಲಿ ಮೊದಲೇ ನಿಂತಿರುವವನಿಗೆ ಓಟ ಯಾಕೆ ಬೇಕು? ಟಿವಿಯಲ್ಲಿ ಲಕ್ಷಗಟ್ಟಲೆ ದುಡ್ಡು ಎಣಿಸಿಕೊಂಡು ಆಡುವವರನ್ನೂ ನೋಡಿದ್ದೇನೆ. ಈ ಗೋಧಿ ಹೊಲದವನ ಮುಂದೆ ಅವರಲ್ಲಿ ಅರ್ಧ ಜನ ದಂಡ.

ಮೂರು ವಾರದ ಹಿಂದೆ ಯಾರದೋ ಮೊಣಕಾಲು ಅವನ ಕಿವಿಯ ಮೇಲ್ಗಡೆ ಬಡಿಯಿತು. ತಲೆಗೆ ಪೆಟ್ಟಾದವರಿಗೆ ಕೇಳುವ ಪ್ರಶ್ನೆಗಳನ್ನು ಕೇಳಿದೆ. ಇದು ಯಾವ ಮೈದಾನ? ಹೇಳಿದ. ಕೊನೆಯ ಗೋಲು ಯಾರದು? ತಡವರಿಸಿದ.

"ಲೋರ್ನಾ, ನೀನೇ ಹೇಳ್ಬಿಡು ಮಾರಾಯ್ತಿ," ಎಂದು ಬೇಡಿಕೊಂಡ.

ಹೇಳಿಕೊಟ್ಟೆ. ಆಟಗಾರರ ಪೆಟ್ಟು ಬರೆದಿಡುವ ಹಾಳೆಯಲ್ಲಿ 'ಭುಜದ ನೋವು' ಎಂದು ಬರೆದೆ. ನಿಜ ಬರೆದಿದ್ದರೆ ಮೂರು ವಾರ ಆಡುವಂತಿರಲಿಲ್ಲ. ಅಂದಿಗೆ ಅವನದು ಇನ್ನೂರ ತೊಂಬತ್ತೇಳು ಆಟ, ಈ ವರ್ಷ ಉಳಿದಿದ್ದವೂ ಮೂರೇ. ಬರುವ ವರ್ಷ ನಮ್ಮ ಕ್ಲಬ್ಬನ್ನು ಪಕ್ಕದೂರಿನ ಕ್ಲಬ್ಬಿನ ಜೊತೆ ಸೇರಿಸುತ್ತಾರೆ. ಬೂರಾಲ್ ಎಂಬ ಹೆಸರೂ ಇರುವುದಿಲ್ಲ, ನಮ್ಮ ಹಳದಿ ಅಂಗಿಯೂ ಇರುವುದಿಲ್ಲ. ಕ್ಲಬ್ಬಿನ ನೂರೆಂಟು ವರ್ಷದಲ್ಲಿ ಮುನ್ನೂರು ಆಡಿದವನು ಒಬ್ಬನಾದರೂ ಇರಲಿ ಎಂದು ನನಗೂ ಆಸೆಯಿತ್ತು. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ.

ಇವತ್ತು ಮುನ್ನೂರನೆಯದು. ಇಲ್ಲಿನ ರೂಢಿಯಂತೆ, ಅವನ ಹೆಂಡತಿ ಬ್ರೈಡಿ ಮತ್ತು ಹೆಂಗಸರೆಲ್ಲ ಸೇರಿ ಅಂಟಿಸಿದ್ದ ಬಣ್ಣದ ಕಾಗದದ ದೊಡ್ಡ ಪರದೆಯನ್ನು ಹರಿದುಕೊಂಡು, ತನ್ನ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ಅವನು ಮೈದಾನಕ್ಕೆ ಬಂದ. ಬೇಲಿಯ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಬಾರಿಸಿದವು. ನಾಲ್ಕು ಪಾಳಿಗಳ ಆಟದ ಎರಡನೆಯ ಪಾಳಿಯಲ್ಲಿ ಎದುರಾಳಿಯೊಬ್ಬನ ಮೊಣಕೈ ಅವನ ದವಡೆಗೆ ತಗುಲಿತು. ಬಿದ್ದ, ಎದ್ದ, ಏನಾಗಿಲ್ಲವೆಂದು ನನ್ನತ್ತ ಹೆಬ್ಬೆರಳು ಎತ್ತಿದ. ನಾನು ಹೋಗಲಿಲ್ಲ.

ಪಾಳಿಗೊಮ್ಮೆ ತಂಡಗಳು ದಿಕ್ಕು ಬದಲಿಸುತ್ತವೆ. ಮೂರನೆಯ ಪಾಳಿಯ ಮೊದಲ ಚೆಂಡೇ ಕೀರನ್‌ಗೆ ಸಿಕ್ಕಿತು. ಮೈ ತಿರುಗಿಸಿ ಇಬ್ಬರನ್ನು ದಾಟಿದ. ಐವತ್ತು ಹೆಜ್ಜೆ ದೂರ ಒದ್ದ ಚೆಂಡು ಎಷ್ಟು ನೆಟ್ಟಗೆ ಹೋಯಿತೆಂದರೆ ನನ್ನ ಕಣ್ಣು ತುಂಬಿತು. ಆಮೇಲೆ ಗೊತ್ತಾಯಿತು, ಅದು ಹೋದದ್ದು ನಾವು ಕಾಯಬೇಕಾದ ಗೋಲು ಕಂಬಗಳ ಕಡೆಗೆ.

"ಲೋ ಮುದುಕಾ, ಕಾರು ಆ ಕಡೆ ನಿಲ್ಸಿದ್ದೀಯೇನೋ?" ಬೇಲಿಯಿಂದ ಯಾರೋ ಕೂಗಿದರು.

"ಮುನ್ನೂರಾಯ್ತಲ್ಲ, ಅವ್ರಿಗೂ ಒಂದು ಉಡುಗೊರೆ!" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಅರವತ್ತೊಂದು ವರ್ಷದ ನನ್ನ ಕಾಲಿಗೆ ಎಷ್ಟು ಸಾಧ್ಯವೋ ಅಷ್ಟು ಓಡಿದೆ.

"ಯಾಕೆ ನಗ್ತಾ ಇದಾರೆ ಎಲ್ರೂ?" ಎಂದು ಕೇಳಿದ ಕೀರನ್. ತೋಳು ಹಿಡಿದೆ. ಸುಮ್ಮನೆ ಬಂದ. ಜಗಳವಾಡದೆ ಮೈದಾನ ಬಿಟ್ಟು ಬಂದದ್ದು ಇದೇ ಮೊದಲು, ಅದಕ್ಕೇ ಇನ್ನೂ ಹೆದರಿದೆ.

ಕೋಚ್ ಡೆಸ್ ಮೈಮೇಲೆ ಬಂದ. "ಇವತ್ತೇ ಬೇಕಿತ್ತಾ ನಿಂಗೆ? ಇವತ್ತೇ ಎಳ್ಕೊಂಡು ಬರ್ಬೇಕಿತ್ತಾ?"

"ಮೂರು ವಾರದ ಹಿಂದೇನೇ ಎಳ್ಕೊಂಡು ಬರ್ಬೇಕಿತ್ತು ಡೆಸ್. ಸುಳ್ಳು ಬರ್ದೆ ನಾನು."

ಡೆಸ್ ಕೀರನ್‌ನ ಮುಖ ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದ. ಅದು ಅರವತ್ತು ಮೈಲಿಯಿಂದ ಬರಬೇಕಿತ್ತು. ನನ್ನ ಮಾತು ಕೇಳಿಸಿಕೊಂಡಿದ್ದ ಬ್ರೈಡಿ ಗಂಡನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು. ನನ್ನತ್ತ ಒಮ್ಮೆಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಟ ಮುಗಿಯುವ ಸೈರನ್ ಕೂಗಿತು. ನೂರು, ಇನ್ನೂರು ಆಟ ಮುಗಿಸಿದವನನ್ನು ಹೆಗಲ ಮೇಲೆ ಹೊತ್ತು ತರುವುದು ಇಲ್ಲಿನ ಪದ್ಧತಿ. ಹುಡುಗರು ಓಡಿ ಬಂದವರೇ ಅವನನ್ನು ಎತ್ತಿದರು.

"ಇಳಿಸ್ರೋ ಅವನ್ನ!" ಎಂದು ಕಿರುಚಿದೆ. ಹಾರ್ನುಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎದುರು ತಂಡದವರೂ ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಕೀರನ್ ಎಲ್ಲರಿಗೂ ಕೈ ಬೀಸಿದ. ಇಳಿಸಿದ ಮೇಲೆ ನನ್ನ ಭುಜ ಹಿಡಿದು ನಿಂತ. ಮುಖ ಬೆಳ್ಳಗಾಗಿತ್ತು.

"ಎಷ್ಟು ಜನ ಬಂದಿದಾರೆ ಲೋರ್ನಾ! ಯಾರ ಮುನ್ನೂರನೇ ಆಟ ಇವತ್ತು?"

"ನಮ್ಮವನದೇ," ಎಂದೆ.

"ಚೆನ್ನಾಗ್ ಆಡಿದ್ನಾ?"

"ಅವನ ಥರ ಆಡೋರು ಇನ್ನು ಹುಟ್ಟಲ್ಲ ಕಣೋ."

"ಛೇ," ಎಂದ ಕೀರನ್, ಖಾಲಿಯಾಗುತ್ತಿದ್ದ ಮೈದಾನದತ್ತ ತಿರುಗಿ. "ನಾನ್ ನೋಡ್ಲೇ ಇಲ್ವಲ್ಲ."