ಬೂಟಿನ ಮೂತಿಗೊಂದು ಬೊಟ್ಟು

ಚೆಂಡುಹೂವಿನ ವಾಸನೆ, ಅದರ ನಡುವೆ ಹೊಸ ಚರ್ಮದ ವಾಸನೆ, ಇದೆಲ್ಲಿಂದ ಬಂತು ಎಂದು ಚಿಕ್ಕಬೀರಯ್ಯ ಮೂಗೆತ್ತಿ ನೋಡಿದರೆ ನೇಗಿಲು, ಕುಂಟೆ, ಕುಡುಗೋಲು, ಅವುಗಳ ಪಕ್ಕದಲ್ಲೇ ಅವನ ಫುಟ್‌ಬಾಲ್ ಬೂಟು, ಎರಡರ ಮೂತಿಗೂ ಕೆಂಪಗೆ ಕುಂಕುಮದ ಬೊಟ್ಟು — ಅಯ್ಯೋ ಇವಳೇ, ಮೆಟ್ಟನ್ನ ಯಾರಾದ್ರೂ ಪೂಜೆಗೆ ಇಡ್ತಾರಾ! ಮೆಟ್ಟಲ್ಲ ಕಣೇಳಿ, ನಿಮ್ಮ ಆಯುಧ, ನೇಗ್ಲೂ ಮಣ್ಣು ತುಳಿಯಲ್ವಾ, ಎಂದಳು ಹೆಂಡತಿ ಸಣ್ಣತಾಯಮ್ಮ. ಆಯುಧಪೂಜೆಯ ದಿನ ಅವಳ ಜತೆ ವಾದ ಮಾಡಲು ಅವನಿಗೆ ಬಾಯಾದರೂ ಎಲ್ಲಿದೆ, ಗುಂಡ್ಲುಪೇಟೆಯಲ್ಲಿ ಖಾಲಿ ಈರುಳ್ಳಿ ಲಾರಿಯಿಂದ ಇಳಿದು ಭೀಮನಬೀಡಿನ ದಾರಿ ಹಿಡಿದಾಗಿನಿಂದ ಒಂದು ಮಾತನ್ನು ಇವಳಿಗೆ ಹೇಗೆ ಹೇಳುವುದೆಂದು ಲೆಕ್ಕ ಹಾಕುತ್ತಿದ್ದಾನೆ, ಈ ವರ್ಷದಿಂದ ಬೂಟಿಲ್ಲದವನು ಮೈದಾನಕ್ಕೆ ಇಳಿಯುವಂತಿಲ್ಲ, ಕೆಲಸ ಕೊಟ್ಟ ಬೆಂಗಳೂರಿನ ಬಟ್ಟೆ ಮಿಲ್ಲಿನವರೇನೋ ಕೊಡಿಸಿದರು, ಕಾಲೇ ಒಪ್ಪುತ್ತಿಲ್ಲ. ಬರಿಗಾಲಿಗೆ ಬಟ್ಟೆ ಸುತ್ತಿಕೊಂಡು ಗೋಲಿನ ಮುಂದೆ ನಿಂತರೆ ಅವನನ್ನು ದಾಟಿದವರು ಕಡಿಮೆ, ಚಾಮರಾಜನಗರದ ಬಯಲಲ್ಲಿ ಅದನ್ನು ನೋಡಿಯೇ ತಾನೆ ಮಿಲ್ಲಿನ ಮೇಸ್ತ್ರಿ ಕರೆದದ್ದು, ಬಾರ್ಲಾ ಬೆಂಗ್ಳೂರಿಗೆ, ಅಗಲೆಲ್ಲ ಮಗ್ಗ ನೋಡ್ಕೊ, ಸಂಜೆ ಆಡು. ಬಿ ಡಿವಿಷನ್ ಟೀಮು, ಮೇಲಕ್ಕೂ ಏರಲಿಲ್ಲ, ಕೆಳಕ್ಕೂ ಬೀಳಲಿಲ್ಲ, ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ, ತಡೆದವನನ್ನು ಯಾರು ಹೊರುತ್ತಾರೆ, ಇರಲಿ ಬಿಡು, ಆ ಆಟವೆಂದರೆ ಅವನಿಗೆ ಪ್ರಾಣ. ಬರಿಗಾಲಿದ್ದಾಗ ಚೆಂಡು ಬರುವುದು ನೆಲದಿಂದಲೇ ತಿಳಿಯುತ್ತಿತ್ತು, ಬೂಟಿನೊಳಗೆ ಕಾಲು ಕುರುಡು, ಮೊನ್ನೆ ಜಾರಿ ಬಿದ್ದ, ಚೆಂಡು ಕಣ್ಣೆದುರೇ ಉರುಳಿ ಬಲೆ ಸೇರಿತು, ಕ್ಯಾಪ್ಟನ್ ಬೈಯಲೂ ಇಲ್ಲ, ಹಬ್ಬಕ್ಕೆ ಹೋಗು ಬೀರಯ್ಯ, ಬೂಟು ಒಗ್ಗಿದರೆ ಬಾ, ಇಲ್ಲದಿದ್ದರೆ ಅಲ್ಲೇ ಇದ್ದುಬಿಡು. ಬೈದಿದ್ದರೇ ಚೆನ್ನಾಗಿತ್ತು.

ಕೂತ್ಕಳಿ, ಕಾಲು ಇತ್ಲಾಗ್ ಕೊಡಿ — ಹಿಮ್ಮಡಿಯ ಬೊಬ್ಬೆ ಕಾಣದಿರಲೆಂದು ಮಡಚಿಕೊಂಡ, ಬಿಡುವವಳೇ ಅವಳು, ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು, ಬೊಬ್ಬೆಯ ಸುತ್ತ ಹರಳೆಣ್ಣೆ ಸವರಿದಳು, ಈಗ ಕೇಳುತ್ತಾಳೆ, ಕೇಳಿದರೆ ಹೇಳಿಬಿಡುವುದು, ಕೇಳಲಿಲ್ಲ. ನೆನ್ನೇನೇ ನೋಡ್ದೆ ಕಣೇಳಿ, ಬೂಟೊಳ್ಗೆ ರಕ್ತ ಅಂಟಿತ್ತು, ಒರಸ್ಬುಟ್ಟು ಪೂಜೆಗೆ ಇಟ್ಟೆ, ಒಗ್ಗುದ್ರೆ ಓಗಿ, ಒಗ್ಗದಿದ್ರೆ ಬುಡಿ, ನೇಗ್ಲೈತೆ, ನಾನಿವ್ನಿ. ಅವಳ ಕೈ ಮತ್ತೆ ಕುಂಕುಮದ ಬಟ್ಟಲಿಗೆ ಹೋಗುತ್ತಿದೆ, ಪೂಜೆ ಮುಗೀತಲ್ಲೇ ಇನ್ಯಾಕೆ ಎಂದ, ಇದ್ಕೆ ಇಡೋದ್ನೇ ಮರ್ತಿದ್ದೆ, ಇಷ್ಟ್ ವರ್ಸ ದುಡ್ದಿದ್ದು ಇದಲ್ವಾ — ಉಗುರು ಹೋದ ಹೆಬ್ಬೆರಳಿನ ಮೇಲೆ ತಣ್ಣಗೆ ಅವಳ ಬೆರಳು, ಅವನು ಏನೋ ಹೇಳಬೇಕೆಂದಿದ್ದ, ಏನದು, ಬರಿಗಾಲು, ಹೆಬ್ಬೆರಳು, ಅದರ ಮೇಲೆ ಕೆಂಪಗೆ ಒಂದು ಬೊಟ್ಟು.