ಊಟದ ಮೇಜಿನ ಮೇಲೊಂದು ಸಾಗರ

ನಮ್ಮ ಊಟದ ಮೇಜಿನ ಮೇಲೆ ಪೆಸಿಫಿಕ್ ಸಾಗರ ಬಂದು ಕೂತಾಗಿನಿಂದ ಮನೆಮಂದಿಗೆಲ್ಲ ನೆಲದ ಮೇಲೇ ಊಟ. ಮಕ್ಕಳ ವಿಜ್ಞಾನ ಕೇಂದ್ರಕ್ಕೆ ಮಾದರಿಗಳನ್ನು ಕಟ್ಟಿಕೊಡುವುದು ನನ್ನ ಕೆಲಸ. ಈ ಸಲದ್ದು ಉದ್ದನೆಯ ಗಾಜಿನ ತೊಟ್ಟಿ; ಎಡತುದಿ ಏಷ್ಯಾ, ಬಲತುದಿ ಅಮೆರಿಕ. ತಳದಲ್ಲಿ ನೀಲಿ ಬಣ್ಣದ ತಣ್ಣೀರು, ಮೇಲೆ ತೆಳ್ಳಗೆ ಕೆಂಪು ಬಣ್ಣದ ಬಿಸಿನೀರು, ಬಲಗಡೆ ಒಂದು ಪುಟ್ಟ ಫ್ಯಾನು. ಈ ಫ್ಯಾನೇ ವಾಣಿಜ್ಯ ಮಾರುತ. ಅದು ಬೀಸಿದರೆ ಕೆಂಪು ನೀರೆಲ್ಲ ಎಡಗಡೆಗೆ ಹೋಗಿ ಗುಡ್ಡೆ ಬೀಳುತ್ತದೆ, ಬಲಗಡೆ ತಳದ ನೀಲಿ ಮೇಲಕ್ಕೇಳುತ್ತದೆ. ಬಿಸಿನೀರು ಎಲ್ಲಿದೆಯೋ ಮೋಡ, ಮಳೆ ಎಲ್ಲ ಅಲ್ಲೇ.

ಇದು ಹಿಡಿಸದಿದ್ದರೆ ಆ ಜಾಗಕ್ಕೆ ಬಾಲ ಆಡಿಸುವ ಡೈನೊಸಾರ್ ತರಿಸುತ್ತೇನೆಂದು ಕೇಂದ್ರದ ಮುಖ್ಯಸ್ಥೆ ಮೇಡಂ ಆಗಲೇ ಹೇಳಿಬಿಟ್ಟಿದ್ದರು. ಡೈನೊಸಾರಿನ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟವಳು ನಾನು, ಬಾಲ ಆಡಿಸಿಕೊಂಡು ಜಾಗ ಹೊಡೆಯುವುದು ಅದು!

ಮೇಡಂ ನೋಡಲು ಮನೆಗೇ ಬಂದರು. ನಾನು ಕೆಂಪು ನೀರು ಸುರಿದು ಮುಗಿಸಿ ಫ್ಯಾನಿನ ಸ್ವಿಚ್ ಒತ್ತಿದೆ. ಕರೆಂಟು ಹೋಯಿತು.

ಬಿಸಿನೀರು ಆರಿದರೆ ಎರಡೂ ಬೆರೆತು ನೇರಳೆ ಕಷಾಯವಾಗುತ್ತದೆ. ನನಗೆ ಅಳುವೇ ಬಂತು.

"ಇನ್ನೊಂದು ದಿನ ನೋಡೋಣ ಬಿಡಿ," ಎನ್ನುತ್ತ ಮೇಡಂ ಚೀಲ ಹೆಗಲಿಗೇರಿಸಿದರು.

"ಲೋ, ಊದೋ!" ಎಂದು ಅತ್ತೆ ತಮ್ಮ ಮಗನ ಬೆನ್ನಿಗೊಂದು ಗುದ್ದಿದರು. "ಊರೋರ ಮದುವೆಗೆಲ್ಲ ಊದ್ತೀಯಲ್ಲ, ಹೆಂಡತಿಗೋಸ್ಕರ ಒಂದ್ಸಲ ಊದು!"

ನನ್ನ ಗಂಡ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಫ್ಯಾನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಕೆನ್ನೆ ಉಬ್ಬಿಸಿ ಊದಿದ. ಕೆಂಪು ನೀರು ಜರುಗಿತು! ಅತ್ತೆಯೂ ಸೇರಿಕೊಂಡರು, ನಾನೂ ಸೇರಿಕೊಂಡೆ. ನನಗೋ ಖುಷಿಗೆ ತಲೆಯೇ ತಿರುಗುತ್ತಿತ್ತು; ಊದಿದ್ದಕ್ಕೂ ಇರಬಹುದು.

"ನೋಡಿ ಮೇಡಂ, ಇದು ಮಾಮೂಲಿ ವರ್ಷ," ಎಂದೆ ಏದುಸಿರು ಬಿಡುತ್ತ.

"ಮಾಮೂಲಿ ಅಲ್ಲದ ವರ್ಷ ಹೇಗಿರುತ್ತೆ?" ಎಂದರು ಅವರು, ಚೀಲ ಇಳಿಸದೆಯೇ.

ಅದಕ್ಕೆಂದೇ ನನ್ನ ಹತ್ತಿರ ಒಂದು ದೊಡ್ಡ ಭಾಷಣ ಸಿದ್ಧವಿತ್ತು. ಅಷ್ಟರಲ್ಲಿ ಅತ್ತೆ ಮಗನ ಮುಖ ನೋಡಿ, "ಥೇಟ್ ನಿಮ್ಮಪ್ಪ ಕಣೋ! ಒಲೆ ಊದಿ ಅಂದ್ರೆ ಹೀಗೇ ಕಣ್ಣು ಕಣ್ಣು ಬಿಡ್ತಿದ್ರು, ಬೆಂಕಿ ಮಾತ್ರ ಹತ್ತಿದ್ದಿಲ್ಲ," ಎಂದರು.

ಗಂಡನ ಕೆನ್ನೆ ಫುಸ್ಸೆಂದಿತು. ಅವನು ನಕ್ಕಿದ್ದು ನೋಡಿ ಅತ್ತೆ ನಕ್ಕರು, ನಾನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದೆ. ಊದುವವರೇ ಇಲ್ಲ. ಎಡಗಡೆ ಗುಡ್ಡೆ ಬಿದ್ದಿದ್ದ ಕೆಂಪು ನೀರು ಮೆಲ್ಲಗೆ ಜಾರಿ, ತೊಟ್ಟಿಯುದ್ದಕ್ಕೂ ಹರಿದು ಬಂದು ಬಲಗಡೆಯ ನೀಲಿಯನ್ನು ಮುಚ್ಚಿಹಾಕಿತು.

ಮೇಡಂ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. "ಅಯ್ಯೋ, ಗಾಳಿ ಸೋತ್ರೆ ಬಿಸಿನೀರು ವಾಪಸ್ ಬಂದ್ಬಿಡುತ್ತೆ! ಮಳೆನೂ ಅದರ ಹಿಂದೇನೇ ಬರುತ್ತೆ, ಅಲ್ವಾ? ಎಡಗಡೆಯೋರು ನೀರಿಗೆ ಬಾಯಿಬಾಯಿ ಬಿಡ್ಬೇಕು, ಬಲಗಡೆಯೋರ ಮನೆಗೆ ನೀರು ನುಗ್ಗುತ್ತೆ!"

"ಎಲ್ ನಿನೋ ಅಂದ್ರೆ ಅದೇ ಮೇಡಂ!" ಎಂದೆ ಕಣ್ಣೊರೆಸಿಕೊಳ್ಳುತ್ತ. ಭಾಷಣ ನೀರುಪಾಲಾಯಿತು, ಆಗಲಿ.

ಕರೆಂಟು ಬಂದು ಫ್ಯಾನು ಗರ್ರೆಂದಿತು. ಮೇಡಂ ಅದರ ಸ್ವಿಚ್ ಆರಿಸಿಬಿಟ್ಟರು.

"ಈ ಫ್ಯಾನ್ ತೆಗೆದುಹಾಕಿ. ಮಕ್ಕಳೇ ಊದಲಿ. ನಗು ಬಂದಾಗ ಅವರೇ ನಿಲ್ಲಿಸ್ತಾರೆ."

"ಮತ್ತೆ... ಡೈನೊಸಾರ್?"

ಮೇಡಂ ಚೀಲವನ್ನು ಅತ್ತೆಯ ಕೈಗಿತ್ತು, ನನ್ನ ಗಂಡನನ್ನು ಪಕ್ಕಕ್ಕೆ ಸರಿಸಿ, ಕೆನ್ನೆ ಉಬ್ಬಿಸಿಕೊಂಡು ಬಗ್ಗಿದರು.